ಸಂಜೆ ಆರರ ಎಕ್ಲೆಕ್ತಿಕಾ

1994, ಫೆಬ್ರವರಿ 9, ಬುಧವಾರ

ಬೆಳಿಗ್ಗೆ ಅಥೆನ್ಸಿನ ಹಡಗಿನಿಂದ ಇಳಿದೆ. ಗಂಟಲಿನಿಂದ ತೆಗೆದ ಗಂಟು ಕೆಟ್ಟದ್ದಲ್ಲವಂತೆ. ಅಷ್ಟು ನೆಮ್ಮದಿ. ಆದರೆ ಆರು ವಾರ ಮಾತಾಡುವ ಹಾಗಿಲ್ಲ. ಪಿಸುಗುಟ್ಟುವುದು ಇನ್ನೂ ಕೆಡುಕಂತೆ. "ಆಮೇಲೆ ದನಿ ಮೊದಲಿನಂತೆಯೇ ಬರುತ್ತದೆಯೇ?" ಎಂದು ಬರೆದು ತೋರಿಸಿದ್ದೆ. ನನಗೊಬ್ಬ ಮಗಳಿದ್ದಿದ್ದರೆ ಎಷ್ಟು ವಯಸ್ಸಾಗುತ್ತಿತ್ತೋ ಅಷ್ಟೇ ವಯಸ್ಸಿನ ಆ ಡಾಕ್ಟರು "ಬರುತ್ತೆ" ಎಂದಳು. "ಮೊದಲಿನಂತೆ" ಎಂಬ ಮಾತನ್ನು ಮುಟ್ಟಲಿಲ್ಲ.

ಬಂದರಿನ ಅಂಗಡಿಯಲ್ಲಿ ಎರಡು ನೋಟ್‌ಬುಕ್ ಕೊಂಡೆ. ಚಿಕ್ಕದು ಜನರ ಜೊತೆ ಮಾತಿಗೆ. ಇದು ನನಗೆ. ಮೂವತ್ತು ವರ್ಷ ಈ ಹಿಯೊಸ್ ದ್ವೀಪದ ಹೈಸ್ಕೂಲಿನಲ್ಲಿ ಗ್ರೀಕ್ ಪಾಠ ಹೇಳಿ, ನಿವೃತ್ತಿಯ ಮೇಲೆ ಐದು ವರ್ಷ ಪುರಸಭೆಯ ರೇಡಿಯೊದಲ್ಲಿ ದಿನಕ್ಕೊಂದು ಗಂಟೆ ಮಾತಾಡಿದವಳು ಬಾಯಿ ಮುಚ್ಚಿಕೊಂಡು ಏನು ಮಾಡಬೇಕು?

ಮಹಡಿಯ ಮೇಲಿನ ಆಂಗೆರು, ತೀರಿಕೊಂಡ ನನ್ನ ಗಂಡನ ತಂಗಿ, ಬೇಳೆ ಸಾರು ತಂದಳು. "ನೀನು ಸುಮ್ನಿರು ಅತ್ತಿಗೆ, ಇಬ್ಬರ ಪಾಲಿನ ಮಾತೂ ನಾನೇ ಆಡ್ತೀನಿ" ಎಂದಳು. ಆಡಿದಳು ಕೂಡ, ಒಂದೂವರೆ ಗಂಟೆ.

ಫೆಬ್ರವರಿ 11, ಶುಕ್ರವಾರ

ರೇಡಿಯೊದ ಮೇಲ್ವಿಚಾರಕ ಥ್ರಾಸೋಸ್ ಬಂದಿದ್ದ. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ.

"ಟೀಚರ್, ಸಂಜೆ ಆರರ ಹೊತ್ತು ಖಾಲಿ ಬಿಡೋಕಾಗಲ್ಲ. ನೀವು ಬರೋವರ್ಗೂ ಒಬ್ರನ್ನ ಕೂರಿಸ್ತೀನಿ. ವ್ರೊಂದಾದೊಸ್‌ನ ಇಗ್ನಾತಿಸ್ ಅಂತ. ಹಡಗಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ರು, ಈಗ ರಿಟೈರು. ಮನೇಲಿ ರೆಕಾರ್ಡು ರಾಶಿ ಇಟ್ಕೊಂಡಿದಾರೆ."

"ಶಾಸ್ತ್ರೀಯವೇ?" ಎಂದು ಬರೆದೆ.

"ಅದೂ ಇರುತ್ತೆ ಟೀಚರ್" ಎಂದು ಕಿಟಕಿಯ ಕಡೆ ನೋಡಿದ. ಉತ್ತರ ಗೊತ್ತಿಲ್ಲದಾಗ ತರಗತಿಯಲ್ಲೂ ಹೀಗೇ ಕಿಟಕಿ ನೋಡುತ್ತಿದ್ದ.

ಫೆಬ್ರವರಿ 14, ಸೋಮವಾರ

ಆರು ಗಂಟೆಗೆ ರೇಡಿಯೊ ಹಾಕಿದೆ. ಮರಳು ಕಾಗದ ಉಜ್ಜಿದಂಥ ಒಂದು ದನಿ, "ನಮಸ್ಕಾರ, ಟೀಚರಮ್ಮ ಹುಷಾರಾಗೋವರ್ಗೂ ಇಲ್ಲಿ ನಾನಿರ್ತೀನಿ. ಕಾರ್ಯಕ್ರಮದ ಹೆಸರು ಎಕ್ಲೆಕ್ತಿಕಾ. ನಂಗೆ ಎಲ್ಲಾ ಥರದ್ದೂ ಇಷ್ಟ, ಅದಕ್ಕೇ ಈ ಹೆಸರು" ಎಂದಿತು. ಮೊದಲು ಇಗರ್ಜಿಯ ಆರ್ಗನ್. ಸರಿ. ಅದರ ಬೆನ್ನಿಗೇ ಬ್ರೆಜಿಲ್‌ನ ಡೋಲು! ಆಮೇಲೆ ಎಪಿರಸ್‌ನ ಬೆಟ್ಟದವರು ಸಾವಿನ ಮನೆಯಲ್ಲಿ ಊದುವ ಕ್ಲಾರಿನೆಟ್ಟು. ಕೊನೆಗೆ ಬೊಂಬಾಯಿಯ ಸಿನಿಮಾ ಹಾಡು. ನನ್ನ ಕೇಳುಗರು ಐದು ವರ್ಷದಿಂದ ಪಿಟೀಲು, ಪಿಯಾನೊ ಕೇಳಿದವರು. ಅವರ ಕಿವಿಗೆ ಇದು!

ಕಿರುಚಲು ಆಗುವುದಿಲ್ಲವಲ್ಲ, ಚಮಚದಿಂದ ಮೇಜಿಗೆ ಬಡಿದೆ. ಆಂಗೆರು ಮೆಟ್ಟಿಲು ಇಳಿದು ಓಡಿಬಂದಳು. ಬಿದ್ದೆನೆಂದುಕೊಂಡಳಂತೆ. ರೇಡಿಯೊ ತೋರಿಸಿದೆ. ಅವಳು ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳಿದಳು.

"ಚೆನ್ನಾಗಿದೆಯಲ್ಲೇ" ಎಂದಳು.

ಹಾಡುಗಳಿಗಿಂತ ಹೆಚ್ಚಾಗಿ ಆ ಪದ ಚುಚ್ಚುತ್ತಿದೆ. ಎಕ್ಲೆಕ್ತಿಕಾ ಎಂದರೆ ಆಯ್ದವು. ಆಯ್ದವು! ಸಿಕ್ಕಿದ್ದೆಲ್ಲ ಒಂದೇ ಪಾತ್ರೆಗೆ ಸುರಿದದ್ದಲ್ಲ.

ಫೆಬ್ರವರಿ 15, ಮಂಗಳವಾರ

ಪತ್ರ ಬರೆದು ಆಂಗೆರು ಕೈಯಲ್ಲಿ ರೇಡಿಯೊಗೆ ಕಳಿಸಿದೆ. ಪ್ರತಿ ಇಟ್ಟುಕೊಳ್ಳಲಿಲ್ಲ, ನೆನಪಿದ್ದಷ್ಟು ಇಲ್ಲಿ ಬರೆಯುತ್ತೇನೆ.

"ಮಾನ್ಯರೇ, ನೀವು ಬಳಸುತ್ತಿರುವ ಪದದ ಮೊದಲಲ್ಲಿ 'ಎಕ್' ಇದೆ, ಅಂದರೆ 'ಒಳಗಿನಿಂದ ಹೊರಕ್ಕೆ'. ಆಮೇಲೆ 'ಲೆಗೊ', ಅಂದರೆ 'ಹೆಕ್ಕು'. ರಾಶಿಯೊಳಗಿಂದ ಹೆಕ್ಕಿ ತೆಗೆಯುವುದು. ಇಂದಿಗೂ ನಮ್ಮ ಮನೆಗಳಲ್ಲಿ ಎಲ್ಲವನ್ನೂ ಒಪ್ಪದವನನ್ನೇ 'ಎಕ್ಲೆಕ್ತಿಕೊಸ್' ಎನ್ನುತ್ತಾರೆ. ಎಲ್ಲವನ್ನೂ ಇಷ್ಟಪಡುವವನಿಗೆ ಈ ಹೆಸರು ಹೊಂದುವುದಿಲ್ಲ. ದಯವಿಟ್ಟು ಕಾರ್ಯಕ್ರಮಕ್ಕೆ ಬೇರೆ ಹೆಸರು ಇಡಿ."

ಕಟುವಾಗಿ ಬರೆಯಲಿಲ್ಲ. ಕೊನೆಗೆ "ವಂದನೆಗಳು" ಎಂದೂ ಹಾಕಿದೆ.

ಫೆಬ್ರವರಿ 16, ಬುಧವಾರ

ನನ್ನ ಪತ್ರವನ್ನು ರೇಡಿಯೊದಲ್ಲಿ ಓದಿಬಿಟ್ಟ! ಇಡೀ ಊರಿಗೆ! "ವಂದನೆಗಳು" ಸಮೇತ!

ಆಮೇಲೆ ಅವನು ಹೇಳಿದ್ದು: "ಟೀಚರಮ್ಮ, ನಾನು ಓದಿದ್ದು ಕಡಿಮೆ. ಈ ಪದ ನಂಗೆ ಮನೇಲಿ ಸಿಕ್ಕಿದ್ದಲ್ಲ. ಲಿವರ್‌ಪೂಲ್‌ನೋನೊಬ್ಬ ಕ್ಯಾಪ್ಟನ್ ಇದ್ದ, ನನ್ನ ಕ್ಯಾಬಿನ್‌ಗೆ ಬಂದು ರೆಕಾರ್ಡು ನೋಡಿ, ನಿನ್ನ ರುಚಿ ಎಕ್ಲೆಕ್ಟಿಕ್ ಕಣಯ್ಯಾ ಅಂದ. ಅಯ್ಯೋ, ಇದು ನಮ್ಮ ಪದ ಅಲ್ವಾ, ಇಂಗ್ಲಿಷಿನೋನ ಬಾಯಲ್ಲಿ ಏನು ಮಾಡ್ತಿದೆ ಅಂದ್ಕೊಂಡೆ. ಅವ್ರಲ್ಲಿ ಅದಕ್ಕೆ ಹತ್ತಾರು ಕಡೆಯದ್ದು ಇಷ್ಟಪಡೋನು ಅಂತ ಅರ್ಥವಂತೆ. ನಮ್ಮೂರಿನ ಎಷ್ಟೋ ಹುಡುಗ್ರ ಥರ ಆ ಪದಾನೂ ಹಡಗು ಹತ್ತಿ ಹೋಗಿದೆ. ಅಷ್ಟು ವರ್ಷ ಹೊರಗಿದ್ದು ಬಂದೋರು ಹೋದ ಹಾಗೇ ಬರ್ತಾರಾ, ನೀವೇ ಹೇಳಿ. ನನ್ನ ಹೆಂಡ್ತೀನ ಕೇಳಿ ಬೇಕಾದ್ರೆ."

ಆಂಗೆರು ನಕ್ಕು ನಕ್ಕು ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು. ನಾನು ರೇಡಿಯೊ ಆರಿಸಿದೆ. ಆಂಗೆರು ಮತ್ತೆ ಹಾಕಿದಳು.

ಫೆಬ್ರವರಿ 17

ಮೀನಿನವನು "ಏನ್ ಟೀಚರ್, ಆ ಪದಕ್ಕೆ ಯಾವ ಅರ್ಥ ಸರಿ?" ಎಂದು ಕೇಳಿದ. ಔಷಧಿ ಅಂಗಡಿಯವಳೂ ಕೇಳಿದಳು. ಚಿಕ್ಕ ನೋಟ್‌ಬುಕ್ಕಿನ ಆರು ಹಾಳೆ ಖರ್ಚಾಯಿತು.

ಫೆಬ್ರವರಿ 22, ಮಂಗಳವಾರ

ಎರಡನೆಯ ಪತ್ರ ಕಳಿಸಿದೆ. ಈ ಸಲ ಅಲೆಕ್ಸಾಂಡ್ರಿಯದ ಹಳೆಯ ತತ್ವಜ್ಞಾನಿಗಳ ಕಥೆ ಬರೆದೆ. ಯಾವ ಒಬ್ಬ ಗುರುವಿನ ಮನೆಗೂ ಸೇರದೆ, ಪ್ರತಿ ಮನೆಯಿಂದಲೂ ತಮಗೆ ಸರಿ ಕಂಡದ್ದನ್ನು ಹೆಕ್ಕಿಕೊಂಡವರು. ಮೊದಲು ಈ ಹೆಸರು ಅಂಟಿದ್ದು ಅವರಿಗೆ. ಅವರು ಆಯ್ದದ್ದು ವಿಚಾರ ಮಾಡಿ, ಕಂಡಕಂಡದ್ದನ್ನಲ್ಲ ಎಂಬುದು ನನ್ನ ವಾದ.

ಇಗ್ನಾತಿಸ್ ಅದನ್ನೂ ಓದಿದ. "ಹಾಗಾದ್ರೆ ಅವ್ರೂ ಮನೆಮನೆಗೆ ಹೋಗಿ ಊಟದ ರುಚಿ ನೋಡಿದೋರೇ ಅಲ್ವಾ ಟೀಚರಮ್ಮ? ಉಳಿದ ಗುರುಗಳು ಅವ್ರಿಗೆ ಬೈದಿರ್ಬೇಕು" ಎಂದ.

ಬೈದಿದ್ದರು, ನಿಜ. ಅದನ್ನು ಪತ್ರದಲ್ಲಿ ಬರೆದಿರಲಿಲ್ಲ. ಅವನಿಗೆ ಹೇಗೆ ಹೊಳೆಯಿತೋ.

ಆಂಗೆರುವನ್ನು ಕೇಳಿದರೆ, "ನಮ್ಮಮ್ಮ ಮದುವೆಗೆ ಯಾವ ಗಂಡನ್ನೂ ಒಪ್ಪದಿರೋ ಹುಡುಗೀರ್ಗೆ ಎಕ್ಲೆಕ್ತಿಕಿ ಅಂತಿದ್ಲು. ಅವ್ರೆಲ್ಲಾ ಈಗ್ಲೂ ಒಂಟಿಯಾಗೇ ಇದಾರೆ" ಎಂದಳು.

ಮಾರ್ಚ್ 3, ಗುರುವಾರ

ಇಲ್ಲಿನ ಡಾಕ್ಟರು ಗಂಟಲು ನೋಡಿದರು. ಊತ ಇಳಿದಿಲ್ಲ. ಇನ್ನೂ ಮೂರು ವಾರ ಹೆಚ್ಚು ಸುಮ್ಮನಿರಬೇಕು.

ದಾರಿಯುದ್ದಕ್ಕೂ ಒಂದೇ ಯೋಚನೆ. ದನಿ ಬಾರದೇ ಹೋದರೆ? ಆಂಗೆರು ಮೇಲೆ ಓಡಾಡುವ ಸದ್ದು ಬಿಟ್ಟರೆ ಈ ಮನೆಯಲ್ಲಿ ಮತ್ತೇನಿದೆ? ಸಂಜೆ ಆರರಿಂದ ಏಳರವರೆಗೆ ನಾನು ಒಂದು ಊರಿನ ಜೊತೆ ಇರುತ್ತಿದ್ದೆ.

ಆಂಗೆರು ಮಸ್ತಿಹಾ ಅಂಟಿನ ತಟ್ಟೆ ಹಿಡಿದು ಕೆಳಗೆ ಬಂದಳು. ಅವಳ ತವರಿನ ಮರಗಳದ್ದು. ಹರಳುಗಳಿಗೆ ಹತ್ತಿದ ಮಣ್ಣನ್ನು ಚಾಕುವಿನ ತುದಿಯಿಂದ ಕೆರೆದು ದೊಡ್ಡದು, ಚಿಕ್ಕದು, ಪುಡಿ ಎಂದು ಬೇರೆ ಮಾಡುತ್ತಾ ಕೂತಳು. ನನಗೂ ಒಂದು ಚಾಕು ಕೊಟ್ಟಳು. ಮಸುಕಾದ ಹರಳುಗಳನ್ನು ನಾನು ಕಸದ ಕಡೆ ತಳ್ಳುತ್ತಿದ್ದೆ. ಕೈಗೆ ಹೊಡೆದಳು.

"ಏ ಅತ್ತಿಗೆ, ಇದನ್ಯಾಕೆ ಬಿಸಾಕ್ತೀಯ! ದೊಡ್ಡದು ಅಗಿಯೋಕೆ, ಚಿಕ್ಕದು ಮಿಠಾಯಿಗೆ, ಪುಡಿ ಧೂಪಕ್ಕೆ. ಆಯೋದು ಅಂದ್ರೆ ಯಾವುದು ಯಾವುದಕ್ಕಾಗುತ್ತೆ ಅಂತ ನೋಡೋದು."

ಆರು ಗಂಟೆಗೆ ಅವಳೇ ರೇಡಿಯೊ ಹಾಕಿದಳು. ಐರ್ಲೆಂಡಿನ ಮುದುಕನೊಬ್ಬ ಯಾವ ವಾದ್ಯವೂ ಇಲ್ಲದೆ ಹಾಡಿದ. ನಡುವೆ ಉಸಿರು ಸಾಲದೆ ನಿಂತು, ಮತ್ತೆ ಶುರು ಮಾಡಿದ. ಅಂಥ ದನಿಯನ್ನು ರೆಕಾರ್ಡು ಮಾಡಲು ಬಿಟ್ಟವರಾರೋ. ಪೂರ್ತಿ ಕೇಳಿದೆ, ಎದ್ದು ಹೋಗುವಷ್ಟು ಶಕ್ತಿ ಇರಲಿಲ್ಲ.

ಮಾರ್ಚ್ 9, ಬುಧವಾರ

ಇಂದು ನಡೆದದ್ದನ್ನು ಪೂರ್ತಿ ಬರೆಯಬೇಕು.

ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ್ದು ಇಗ್ನಾತಿಸ್. ನಾನು ಎತ್ತರದ ಆಸಾಮಿಯನ್ನು ಕಲ್ಪಿಸಿಕೊಂಡಿದ್ದೆ. ಗಿಡ್ಡ, ಬೋಳುತಲೆ, ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಹೆಂಡತಿ ಕೊಟ್ಟ ಕಿತ್ತಳೆ ಮುರಬ್ಬದ ಬಾಟಲಿ. ಕೂರಲು ಸನ್ನೆ ಮಾಡಿದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದರು. (ಎದುರಿಗೆ ನೋಡಿದ ಮೇಲೆ 'ಅವನು' ಎಂದು ಬರೆಯಲು ಕೈ ಬರುತ್ತಿಲ್ಲ.)

"ಬೈಯೋದಾದ್ರೆ ನಿಧಾನವಾಗಿ ಬರೀರಿ ಟೀಚರಮ್ಮ, ಕನ್ನಡಕ ಮನೇಲೇ ಬಿಟ್ಟು ಬಂದಿದೀನಿ" ಎಂದರು.

ದೊಡ್ಡ ಅಕ್ಷರದಲ್ಲಿ ಬರೆದೆ: ನಿಮಗೆ ಎಲ್ಲವೂ ಇಷ್ಟವಾಗುವುದು ಹೇಗೆ?

"ಎಲ್ಲವೂ? ಅಯ್ಯೋ, ಯಾರು ಹೇಳಿದ್ದು! ಎಲ್ಲಾ *ಥರದ್ದೂ* ಇಷ್ಟ. ಎಲ್ಲವೂ ಅಲ್ಲ." ಆಮೇಲೆ ಹೇಳಿದರು. ಇಪ್ಪತ್ತಾರು ವರ್ಷ ಸಮುದ್ರದಲ್ಲಿದ್ದರು. ಮಂಚದ ಕೆಳಗೆ ಒಂದೇ ಟ್ರಂಕಿಗೆ ಜಾಗ, ಅದರಲ್ಲಿ ನೂರು ರೆಕಾರ್ಡು ಹಿಡಿಯುತ್ತಿತ್ತು. ಬಂದರಿನಲ್ಲಿ ಹೊಸದೊಂದು ಕೊಂಡರೆ ಹಳೆಯದೊಂದನ್ನು ಅಲ್ಲಿಯೇ ಬಿಡಬೇಕು. ಕಾಫಿ ಅಂಗಡಿಯವನಿಗೋ ಕೂಲಿಯವನಿಗೋ ಕೊಟ್ಟುಬಿಡುತ್ತಿದ್ದರಂತೆ.

"ಯಾವುದನ್ನ ಬಿಡ್ಲಿ ಅಂತ ವಾರಗಟ್ಟಲೆ ಒದ್ದಾಡ್ತಿದ್ದೆ. ಸಾಂಟೋಸ್ ಬಂದರಲ್ಲಿ ಒಂದ್ಸಲ ಬಿಟ್ಟ ರೆಕಾರ್ಡಿಗೆ ಇನ್ನೂ ಹೊಟ್ಟೆ ಉರಿಯುತ್ತೆ. ನಾನು ಆಯ್ದಿಲ್ಲ ಅಂತೀರಲ್ಲ ಟೀಚರಮ್ಮ! ನೂರು ಉಳೀಬೇಕಾದ್ರೆ ಎರಡು ಸಾವಿರ ಕೇಳಿದೀನಿ."

ಅವರು ನನ್ನ ರೆಕಾರ್ಡುಗಳ ಕಪಾಟಿನ ಮುಂದೆ ಹೋದರು. ಕೈ ಬೆನ್ನ ಹಿಂದೆ ಕಟ್ಟಿ, ಮುಟ್ಟದೆ ನೋಡಿದರು. "ಭಾರೀ ಚೆನ್ನಾಗಿಟ್ಟಿದೀರಿ. ಇವನ್ನ ಹೇಗೆ ಆಯ್ದ್ರಿ?"

ವ್ಯಂಗ್ಯವಿರಲಿಲ್ಲ. ಸುಮ್ಮನೆ, ಒಬ್ಬ ಅಡುಗೆಯವನು ಇನ್ನೊಬ್ಬನನ್ನು ಕೇಳುವ ಹಾಗೆ ಕೇಳಿದರು. ನಿಜ ಏನೆಂದರೆ ಅರ್ಧ ನನ್ನ ಪಿಯಾನೊ ಮೇಷ್ಟರು ಸಾಯುವಾಗ ಕೊಟ್ಟದ್ದು. ಉಳಿದರ್ಧ ಅವರೇ ಬರೆದುಕೊಟ್ಟ ಪಟ್ಟಿ ಹಿಡಿದು ಅಂಚೆಯಲ್ಲಿ ತರಿಸಿದ್ದು. "ಒಳ್ಳೆಯದು ಯಾವುದೆಂದು ಗೊತ್ತಿರುತ್ತದೆ" ಎಂದು ಬರೆದೆ.

ಅವರು ನೋಟ್‌ಬುಕ್ ದೂರ ಹಿಡಿದು ಓದಿದರು. "ಹೂಂ. ಯಾರಿಗೆ ಗೊತ್ತಿರುತ್ತೆ?"

ಕಾಫಿ ಮಾಡಲು ಎದ್ದೆ. ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಮಾರ್ಚ್ 10, ಗುರುವಾರ

ಸಿಟ್ಟು. ಯಾರ ಮೇಲೆಂದು ಗೊತ್ತಿಲ್ಲ.

ದೊಡ್ಡ ನಿಘಂಟು ಇಳಿಸಿ 'ಲೆಗೊ' ತೆಗೆದೆ. ನಾವು ದಿನಕ್ಕೆ ಸಾವಿರ ಸಲ ಬಳಸುವ ಪದ: ಹೇಳು, ಮಾತಾಡು. ಆದರೆ ಅದರ ಹಳೆಯ ಅರ್ಥ ಹೆಕ್ಕು, ಒಟ್ಟುಮಾಡು. ಹಳೆಯ ಕಾವ್ಯದಲ್ಲಿ ಚಿತೆಯಿಂದ ಮೂಳೆ ಹೆಕ್ಕುತ್ತಾರೆ, ಗೋಡೆ ಕಟ್ಟಲು ಕಲ್ಲು ಹೆಕ್ಕುತ್ತಾರೆ. ಹಾಗೇ ಒಂದೊಂದಾಗಿ ಹೆಕ್ಕಿ ಎಣಿಸಿ ಹೇಳುತ್ತಾ ಹೇಳುತ್ತಾ ಮಾತಾಯಿತು. ಮೊದಲು ಹೆಕ್ಕುವುದು, ಆಮೇಲೆ ಹೇಳುವುದು. ಮೂವತ್ತು ವರ್ಷ ಮಕ್ಕಳಿಗೆ ಇದನ್ನು ಪಾಠ ಮಾಡಿದ್ದೇನೆ, ಪರೀಕ್ಷೆಯಲ್ಲಿ ಕೇಳಿ ಅಂಕವನ್ನೂ ಕೊಟ್ಟಿದ್ದೇನೆ.

ಇಂದು ಹೇಳುವ ಬಾಯಿಲ್ಲದೆ ಕೂತು ಓದಿದಾಗ ಬೇರೆಯೇ ಅನ್ನಿಸಿತು. ಸಾಕು.

ಮಾರ್ಚ್ 18, ಶುಕ್ರವಾರ

ಮಧ್ಯಾಹ್ನ ರೇಡಿಯೊದ ಮುಳ್ಳು ತಿರುಗಿಸುತ್ತಿದ್ದೆ. ಎದುರು ದಡದ ತುರ್ಕಿಯ ಸ್ಟೇಷನ್ನು ಸಿಕ್ಕಿತು. ನಾನು ಹುಟ್ಟಿದಾಗಿನಿಂದ ಆ ದಡ ಅಲ್ಲೇ ಇದೆ, ಏಳು ಮೈಲಿ ಆಚೆ. ಆ ಸ್ಟೇಷನ್ನು ಸಿಕ್ಕರೆ ಯಾವತ್ತೂ ಮುಳ್ಳು ದಾಟಿಸಿ ಮುಂದೆ ಹೋಗುತ್ತಿದ್ದೆ. ಒಬ್ಬ ಹೆಂಗಸು ಹಾಡುತ್ತಿದ್ದಳು. ಪದ ಒಂದೂ ತಿಳಿಯಲಿಲ್ಲ. ಒಂದೇ ಸ್ವರವನ್ನು ಹಿಡಿದು, ಬಿಡುವುದಕ್ಕೆ ಮನಸ್ಸಿಲ್ಲದೆ ಸುತ್ತುತ್ತಿದ್ದಳು. ಆಂಗೆರು ಬಂದಳೆಂದು ರೇಡಿಯೊದ ದನಿ ತಗ್ಗಿಸಿದೆ.

"ತಗ್ಗಿಸ್ಬೇಡ್ವೇ, ನಮ್ಮಜ್ಜಿ ಇದನ್ನೇ ಗುನುಗ್ತಿದ್ಲು. ಆ ದಡದ ಸ್ಮಿರ್ನಾದಿಂದ ಬಂದೋಳಲ್ವಾ" ಎಂದಳು.

ಇಗ್ನಾತಿಸ್‌ಗೆ ಚೀಟಿ ಬರೆದು ಕೇಳಿದೆ: ಇಂಥದ್ದು ನಿಮ್ಮಲ್ಲಿದೆಯೇ? ವಿಷಯ ತಿಳಿಯಲೆಂದಷ್ಟೇ.

ಮಾರ್ಚ್ 21

ಮೂರು ರೆಕಾರ್ಡು ಕಳಿಸಿದ್ದಾರೆ. ಒಂದು ಸುಮಾರು. ಎರಡು ಪರವಾಗಿಲ್ಲ. ಒಂದನ್ನು ಐದು ಸಲ ಹಾಕಿದೆ, ಗೀರು ಎಲ್ಲಿದೆ ಎಂದು ನೋಡಬೇಕಿತ್ತು.

ಏಪ್ರಿಲ್ 6, ಬುಧವಾರ

ವಾರಗಳಿಂದ ಏನೂ ಬರೆದಿಲ್ಲ. ಹೊತ್ತಾಗುತ್ತಿಲ್ಲ. ಇಗ್ನಾತಿಸ್ ಬುಧವಾರ ಬರುತ್ತಾರೆ, ಅವರ ಹತ್ತು ರೆಕಾರ್ಡು, ನನ್ನ ಹತ್ತು. ಅವರಿಗೆ ನನ್ನ ಪಿಟೀಲಿನ ನಾಲ್ವರ ಮೇಳ ಹಿಡಿಸಿದೆ. "ನಾಲ್ಕು ಜನ ಒಂದೇ ಮೇಜಲ್ಲಿ ಕೂತು ಜಗಳ ಆಡಿದ ಹಾಗಿದೆ, ಆದ್ರೆ ಊಟ ಬಿಟ್ಟು ಯಾರೂ ಏಳಲ್ಲ" ಎಂದರು. ಐದು ವರ್ಷ ನಾನು ಆ ಮೇಳದ ಬಗ್ಗೆ ಎಷ್ಟು ಮಾತಾಡಿದ್ದೇನೆ! ಇಷ್ಟು ಸರಿಯಾಗಿ ಎಂದೂ ಹೇಳಿರಲಿಲ್ಲ.

ಆಪೆರಾ ಮಾತ್ರ ಅವರಿಗೆ ಬೇಡವೇ ಬೇಡ. ನನಗೆ ಅವರ ಅಕಾರ್ಡಿಯನ್ ಬೇಡ.

ಏಪ್ರಿಲ್ 13, ಬುಧವಾರ

ಡಾಕ್ಟರು ದಿನಕ್ಕೆ ಐದು ನಿಮಿಷ ಮಾತಿಗೆ ಬಿಟ್ಟರು.

ಮನೆಗೆ ಬಂದು ಆಂಗೆರುವನ್ನು ಕೂರಿಸಿ, "ಆಂಗೆರು, ನಿನ್ನ ಉಪಕಾರ ತೀರಿಸಲಾಗದ್ದು" ಎಂದೆ. ತುಕ್ಕು ಹಿಡಿದ ಬಾಗಿಲು ತೆರೆದಂತೆ ಸದ್ದಾಯಿತು. ತಗ್ಗಿನ, ಒರಟು ದನಿ. ನನ್ನದಲ್ಲ.

ಆಂಗೆರು ಶಿಲುಬೆಯ ಗುರುತು ಹಾಕಿಕೊಂಡಳು. "ಬಂತಲ್ಲಾ, ಹೇಗಾದ್ರೂ ಇರ್ಲಿ, ಬಂತಲ್ಲಾ" ಎಂದು ನನ್ನನ್ನು ಅಪ್ಪಿಕೊಂಡು ಅತ್ತಳು. ಉಳಿದ ನಾಲ್ಕು ನಿಮಿಷವನ್ನು ಇಬ್ಬರೂ ಮಾತಿಲ್ಲದೆ ಕಳೆದೆವು.

ಏಪ್ರಿಲ್ 15, ಶುಕ್ರವಾರ

ಥ್ರಾಸೋಸ್ ಬಂದ. "ಹೇಗಿದೀರಿ ಟೀಚರ್?"

"ಸೋಮವಾರ ಬರಲೇ?" ಎಂದೆ.

ಅವನ ಮುಖ ನೋಡಿದೆ. ಕಿಟಕಿಯ ಕಡೆ ತಿರುಗಿದ.

"ಟೀಚರ್... ಅವಸರ ಇಲ್ಲ. ಕೇಳೋರು ನಿಮ್ಮ ಹಳೇ ದನಿ ನೆನಪಿಟ್ಕೊಂಡಿರ್ತಾರೆ. ಇಗ್ನಾತಿಸ್ ಅವ್ರನ್ನೇ ಖಾಯಂ ಮಾಡೋಣ ಅಂತ... ನೀವು ಬರೆದುಕೊಡಿ, ಅವ್ರು ಓದ್ತಾರೆ."

ತಲೆಯಾಡಿಸಿದೆ. ಬಾಗಿಲವರೆಗೂ ಕಳಿಸಿಕೊಟ್ಟೆ. ಎರಡು ನಿಮಿಷ ಮಾತು ಉಳಿದಿತ್ತು, ಬಳಸಲಿಲ್ಲ.

ಏಪ್ರಿಲ್ 18, ಸೋಮವಾರ

ಆರು ಗಂಟೆಗೆ ರೇಡಿಯೊದಲ್ಲಿ ಕಸದ ಗಾಡಿಯ ವೇಳಾಪಟ್ಟಿ ಓದಿದರು. ಆಮೇಲೆ ಯಾವುದೋ ಅಕಾರ್ಡಿಯನ್ ಕ್ಯಾಸೆಟ್ಟು. ಆಂಗೆರು ಫೋನು ಮಾಡಿ ವಿಚಾರಿಸಿದಳು. ಥ್ರಾಸೋಸ್ ಖಾಯಂ ಮಾಡುತ್ತೇನೆ ಎಂದದ್ದಕ್ಕೆ ಇಗ್ನಾತಿಸ್, "ನಾನು ಟೀಚರಮ್ಮನ ಕುರ್ಚಿ ಕಾಯೋಕೆ ಬಂದೋನು, ಕಿತ್ಕೊಳ್ಳೋಕಲ್ಲ" ಎಂದು ಟ್ರಂಕು ಹೊತ್ತು ಹೋದರಂತೆ.

ಆಂಗೆರು ಹೇಳಿದಳು, "ಒಳ್ಳೇ ಮನುಷ್ಯ."

ಒಳ್ಳೆಯ ಮನುಷ್ಯ ಹೌದು. ಆದರೆ ಊರಿಗೆ ಕಸದ ಗಾಡಿ ಕೇಳಿಸಿದರು.

ಏಪ್ರಿಲ್ 19, ಮಂಗಳವಾರ

ಬೆಳಿಗ್ಗೆ ವ್ರೊಂದಾದೊಸ್‌ನ ಬಸ್ಸು ಹತ್ತಿದೆ. ಡಾಕ್ಟರು ಹತ್ತು ನಿಮಿಷಕ್ಕೆ ಏರಿಸಿದ್ದಾರೆ. ಬಸ್ಸಿನಲ್ಲಿ ಯಾರ ಜೊತೆಗೂ ಒಂದು ಮಾತೂ ಆಡದೆ ಹತ್ತನ್ನೂ ಉಳಿಸಿಕೊಂಡು ಹೋದೆ.

ಇಗ್ನಾತಿಸ್ ಅಂಗಳದಲ್ಲಿ ಕುರ್ಚಿಯ ಹರಿದ ಹೆಣಿಗೆಗೆ ಹಗ್ಗ ಕಟ್ಟುತ್ತಿದ್ದರು. ನನ್ನ ಈ ಹೊಸ ದನಿಯನ್ನು ಅವರು ಕೇಳಿರಲೇ ಇಲ್ಲವಲ್ಲ.

"ನನ್ನ ಕೇಳದೆ ನನಗೋಸ್ಕರ ತ್ಯಾಗ ಮಾಡೋಕೆ ನಿಮಗೆ ಹೇಳಿದ್ದು ಯಾರು?" ಎಂದೆ.

ಹಗ್ಗ ಕೈಯಿಂದ ಜಾರಿತು. "ದೇವರೇ... ಟೀಚರಮ್ಮ, ಭಾರೀ ದನಿ!"

"ಹೊಗಳಬೇಡಿ, ನಿಮಿಷ ಎಣಿಸ್ತಾ ಇದೀನಿ. ಆ ಹೊತ್ತು ನಿಮ್ಮದೂ ಅಲ್ಲ ನಂದೂ ಅಲ್ಲ. ಔಷಧಿ ಅಂಗಡಿಯವಳು, ಮೀನಿನವನು, ಆಂಗೆರು, ಅವರೆಲ್ಲ ಆರು ಗಂಟೆಗೆ ಕಾಯ್ತಾರೆ. ಅವರಿಗೆ ನಿನ್ನೆ ಏನು ಸಿಕ್ತು?"

"ಅಕಾರ್ಡಿಯನ್ ಅಂತೆ" ಎಂದರು, ತಲೆ ತಗ್ಗಿಸಿ. "ಚೆನ್ನಾಗೇ ಇತ್ತು ಅಂದ್ಲು ನನ್ನ ಹೆಂಡ್ತಿ."

"ಇಬ್ಬರೂ ಕೂರೋಣ. ಥ್ರಾಸೋಸ್‌ಗೆ ನಾನು ಹೇಳ್ತೀನಿ. ನನ್ನ ದನಿ ಇಷ್ಟವಾಗದವರು ನಿಮ್ಮದನ್ನ ಕೇಳಲಿ, ನಿಮ್ಮ ಹಾಡು ಇಷ್ಟವಾಗದವರು ನನ್ನದು ಕೇಳಲಿ."

"ಮತ್ತೆ ಹೆಸರು?"

"ಹೆಸರು ಹಾಗೇ ಇರಲಿ."

"ಯಾವ ಅರ್ಥದಲ್ಲಿ?"

ಒಂಬತ್ತೂವರೆ ನಿಮಿಷವಾಗಿತ್ತು. ಉತ್ತರ ಹೇಳದೆ ಕೈ ಚಾಚಿದೆ. ಅವರ ಹೆಂಡತಿ ಒಳಗಿನಿಂದ "ಊಟ ಮಾಡ್ಕೊಂಡೇ ಹೋಗ್ಬೇಕು!" ಎಂದು ಕೂಗಿದಳು. ಹುರಿದ ಸ್ಕ್ವಿಡ್, ಕಾಡುಸೊಪ್ಪು. ನೆತ್ತರಿಲ್ಲದ ಕಡಲಜೀವಿ, ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸಕ್ಕೆ ಒಪ್ಪುವ ಊಟವೇ. ಮಾತಿಲ್ಲದೆ ಎರಡು ಸಲ ಬಡಿಸಿಕೊಂಡೆ.

ಏಪ್ರಿಲ್ 21

ಥ್ರಾಸೋಸ್ ಒಪ್ಪಿದ. ತರಗತಿಯ ದನಿಯಲ್ಲಿ ಹೇಳಬೇಕಾಯಿತು. ಈಸ್ಟರ್ ಕಳೆದ ಮೇಲೆ ಶುರು.

ಮೇ 9, ಸೋಮವಾರ

ಪದದ ಬಗ್ಗೆ ಮೂರು ಪುಟ ಬರೆದುಕೊಂಡು ಹೋಗಿದ್ದೆ. ಅಲೆಕ್ಸಾಂಡ್ರಿಯ, ಲಿವರ್‌ಪೂಲ್ ಎಲ್ಲ ಇತ್ತು. ಮೈಕಿನ ಕೆಂಪು ದೀಪ ಹತ್ತಿದಾಗ ಹಾಳೆಗಳನ್ನು ಮಗುಚಿ ಇಟ್ಟೆ. "ನಮ್ಮ ಭಾಷೆಯಲ್ಲಿ ಹೆಕ್ಕುವುದಕ್ಕೂ ಹೇಳುವುದಕ್ಕೂ ಒಂದೇ ಪದ. ಮೂರು ತಿಂಗಳು ನಾನು ಹೇಳಲಿಲ್ಲ. ಇಂದು ಹೆಕ್ಕಿ ತಂದಿದ್ದೇನೆ, ಕೇಳಿ" ಎಂದೆ. ಅಷ್ಟೇ. ಆ ತುರ್ಕಿ ಹೆಂಗಸಿನ ಹಾಡು ಹಾಕಿ, ಅದು ಮುಗಿಯುವ ಸ್ವರದಲ್ಲೇ ಶುರುವಾಗುವ ಪಿಟೀಲಿನ ಮೇಳಕ್ಕೆ ಸೇರಿಸಿದೆ. ಇಗ್ನಾತಿಸ್ ಗಾಜಿನಾಚೆಯ ಥ್ರಾಸೋಸ್‌ಗೆ ಹೆಬ್ಬೆರಳು ತೋರಿಸಿದರು. ಆಮೇಲೆ ಅವರು ತಂದದ್ದು, ಮತ್ತೆ ನಾನು ತಂದದ್ದು. ಇಬ್ಬರೂ ಮೈಕಿನ ಮುಂದೆಯೇ ಎರಡು ಸಲ ಜಗಳವಾಡಿದೆವು.

ಆರೂ ಮುಕ್ಕಾಲಿಗೆ ಫೋನು. ಕಾಂಬೋಸ್ ಕಡೆಯ ಒಬ್ಬ ಅಜ್ಜಿ. ಇಗ್ನಾತಿಸ್ ಕರೆಯನ್ನು ನೇರ ಪ್ರಸಾರಕ್ಕೇ ಹಾಕಿದರು.

"ಹಲೋ, ಇಗ್ನಾತಿಸ್? ಆ ಟೀಚರಮ್ಮ ಎಲ್ಲಿ, ಇನ್ನೂ ಹುಷಾರಾಗಿಲ್ವಾ?"

"ಇದಾರೆ ತಾಯಿ, ಇಲ್ಲೇ ಇದಾರೆ."

"ಇರ್ಲಿ ಬಿಡು, ಪಾಪ ಸುಧಾರಿಸ್ಕೊಳ್ಳಲಿ. ಅಲ್ಲಾ, ನಿನ್ನ ಜೊತೆ ಒಬ್ಬ ಹೊಸ ಗಂಡಸು ಮಾತಾಡ್ತಿದಾನಲ್ಲ, ಯಾರವನು? ಒಳ್ಳೇ ಗಂಭೀರವಾದ ದನಿ ಕಣಪ್ಪ. ಮದುವೆಯಾಗಿದೆಯಾ ಅವನಿಗೆ?"

ಇಗ್ನಾತಿಸ್ ಮೈಕಿಗೆ ಕೈ ಅಡ್ಡ ಹಿಡಿಯಲು ಹೋಗಿ ಹಾಳೆಗಳನ್ನೆಲ್ಲ ಬೀಳಿಸಿದರು. ಗಾಜಿನಾಚೆ ಥ್ರಾಸೋಸ್ ಗಾಬರಿಯಿಂದ ಎದ್ದು ನಿಂತಿದ್ದ. ನಾನು ಮೈಕನ್ನು ನನ್ನ ಕಡೆ ಎಳೆದುಕೊಂಡೆ.

"ಆಗಿತ್ತು ತಾಯಿ" ಎಂದೆ, "ಈಗ ಒಂಟಿ."

ಆಮೇಲೆ ತಡೆಯಲಾಗಲಿಲ್ಲ. ಹೊಟ್ಟೆಯಾಳದಿಂದ, ದಪ್ಪ ಗಂಟಲಿನಲ್ಲಿ, ಇಡೀ ಹಿಯೊಸ್ ಕೇಳುವ ಹಾಗೆ ನಕ್ಕೆ.